ಹಲ್ಲಣ್ಣನ ಹೊಸ ನೆಂಟ

ಹಲ್ಲಿನ ಕ್ಲಿನಿಕ್ಕಿನ ಸಿಸ್ಟರ್ ಫಿಲೊಮಿನಾ ಮೊದಲು ಹೇಳಿದ ಕಥೆ ಇದು. ದವಡೆಹಲ್ಲಿನ ತೂತಿಗೆ ಹಲ್ಲಿನದೇ ಬಣ್ಣದ ರೆಸಿನ್ ಎಂಬ ಮೆತ್ತನೆ ಅಂಟು ತುಂಬಿದ ಡಾಕ್ಟರು, ಅದು ಗಟ್ಟಿಯಾಗಲೆಂದು ನೀಲಿ ದೀಪ ಹಿಡಿದರು. ಹೊರಗೆ ಆರು ಜನ ಕಾಯುತ್ತಿದ್ದರು. ಇಪ್ಪತ್ತು ಎಣಿಸಬೇಕಾದಲ್ಲಿ ಹತ್ತಕ್ಕೇ ದೀಪ ಆರಿಸಿದರು.

"ಹಲ್ಲಣ್ಣ, ನಿನ್ನ ಹೊಸ ನೆಂಟ ಒಳಗಿನ್ನೂ ಹಸಿ. ಅವನಿಂದ ಜಿನುಗಿದ್ದು ನನ್ನನ್ನು ಸುಡುತ್ತಿದೆ," ಎಂದಿತು ಪಕ್ಕದ ವಸಡು.

"ಹೋಗೇ, ಅವನ ಹೊಳಪು ಕಂಡು ನಿನಗೆ ಹೊಟ್ಟೆಕಿಚ್ಚು!" ಎಂದಿತು ಹಲ್ಲು.

ವಸಡು ಬಾತು ರಕ್ತ ಸುರಿಸಿತು. "ನೆಟ್ಟಗೆ ಹಲ್ಲುಜ್ಜಲ್ಲ ನೀವು," ಎಂದು ಡಾಕ್ಟರು ರೋಗಿಯನ್ನೇ ಗದರಿದರು. ಆಮೇಲೆ ವಸಡು ಹಲ್ಲನ್ನು ಹಿಡಿದಿದ್ದ ಕೈ ಬಿಟ್ಟು ಮೆಲ್ಲಗೆ ಹಿಂದೆ ಸರಿಯಿತು. ಕೊನೆಗೆ ಡಾಕ್ಟರು ಅಲುಗಾಡುವ ಹಲ್ಲನ್ನು ಕಿತ್ತು ತಟ್ಟೆಗೆ ಹಾಕಿದರು. ನೆಂಟ ಮಾತ್ರ ಅದರೊಳಗೆ ಹೊಳೆಯುತ್ತಲೇ ಇದ್ದ.

ಮುಂದೆ ಹಲ್ಲು ತೋರಿಸಲು ಆ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂರುವವರಿಗೆ ಈ ಕಥೆ ಹೇಳಿ. ನೀಲಿ ದೀಪ ಹಿಡಿದಾಗ ಅವರಾದರೂ ಇಪ್ಪತ್ತು ಎಣಿಸಿಕೊಳ್ಳಲಿ.