ಆಲ್ಬಮ್ಮಿನ ಜೋಪಾನ

ಬೀರುವಿನ ಒಂದೇ ಖಾನೆಯಲ್ಲಿ ಕುಮುದಾಳ ಬಾಲ್ಯದ ಫೋಟೋ ಆಲ್ಬಮ್ಮೂ, ಅವಳು ಹಸುಗೂಸಾಗಿದ್ದಾಗ ತೊಟ್ಟ ಕುಲಾವಿಯೂ ಇದ್ದವು. ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ತೊಡಿಸುವ ಮನೆತನ ಅದು. ಹಾಗಾಗಿ ಬಳಗದಲ್ಲಿ ಎಲ್ಲಿ ತೊಟ್ಟಿಲು ಕಟ್ಟಿದರೂ ಕುಲಾವಿಗೆ ಕರೆ ಬರುತ್ತಿತ್ತು. ಎಣ್ಣೆ ಕುಡಿದು, ಲಾಡಿ ಕಿತ್ತು ಅದು ಮರಳಿದಾಗಲೆಲ್ಲ ಆಲ್ಬಮ್ಮಿಗೆ ಕರುಳು ಚುರುಕ್ಕೆನ್ನುತ್ತಿತ್ತು.

“ಯಾಕೆ ತಂಗಿ ಹೀಗೆ ಸವೆಯುತ್ತೀಯ? ನನ್ನನ್ನು ನೋಡು. ಬೆರಳಿನ ಗುರುತು ಬಿದ್ದೀತೆಂದು ಕುಮುದಾಳ ಅಮ್ಮ ಯಾರ ಕೈಗೂ ಕೊಡುವುದಿಲ್ಲ.”

“ನಿನ್ನೊಳಗಿನ ಮಗು ಚೆನ್ನಾಗಿದೆಯೇ ಅಕ್ಕ?”

“ಇಟ್ಟ ಹಾಗೇ ಇದೆ.”

ಕುಮುದಾ ಬಾಣಂತನಕ್ಕೆ ತವರಿಗೆ ಬಂದಳು. ಕುಲಾವಿ ಅವಳ ಕೂಸಿನ ತಲೆಯೇರಿತು.

“ನಾನೂ ಹೀಗೇ ಇದ್ದೆನಾ ಅಮ್ಮ?”

ಅಮ್ಮ ಹಿಗ್ಗಿನಿಂದ ಆಲ್ಬಮ್ ತಂದು ಬಿಚ್ಚಿದಳು. ವರ್ಷಗಟ್ಟಲೆ ಗಾಳಿ ಕಾಣದ ಫೋಟೋ ಪ್ಲಾಸ್ಟಿಕ್ ಹಾಳೆಗೆ ಅಂಟಿಹೋಗಿತ್ತು. ಎಳೆದಾಗ ಮುಖವೇ ಸಿಪ್ಪೆಯಂತೆ ಎದ್ದು ಬಂತು. ಉಳಿದದ್ದು ದೃಷ್ಟಿಬೊಟ್ಟಿನ ಕೆನ್ನೆಯೊಂದೇ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕಾಯುತ್ತೇನೆಂದು ನಾನೇ ನುಂಗಿಬಿಟ್ಟೆ ತಂಗಿ,” ಎಂದು ಆಲ್ಬಮ್ಮು ಬಿಕ್ಕಿತು.

“ಖಾಲಿ ಹಾಳೆಗಳಿವೆಯಲ್ಲ ಅಕ್ಕ,” ಎಂದಿತು ಕುಲಾವಿ.

ಮರುವಾರ ಕುಲಾವಿ ತೊಟ್ಟ ಕೂಸಿನ ಫೋಟೋ ಒಂದು ಖಾಲಿ ಹಾಳೆಗೆ ಬಂತು. ಅಮ್ಮ ಅಭ್ಯಾಸಬಲದಿಂದ ಬೀರುವಿನ ಬಾಗಿಲು ತೆರೆದಾಗ ಆಲ್ಬಮ್ಮು ಅಂಗಲಾಚಿತು:

“ಒಳಗೆ ಬೇಡ ತಾಯಿ. ಜೊಲ್ಲು ಸುರಿಸಲಿ, ಹರಿಯಲಿ, ಕೂಸಿನ ಕೈಗೆ ಸಿಗುವಲ್ಲಿಡು.”