ಮತ್ತಿಮರದ ಕೂಗುಕಟ್ಟೆ

ಒಂದು ಕಾಡಿನಲ್ಲಿ, ಹಳ್ಳದ ಪಕ್ಕದಲ್ಲಿ, ದೊಡ್ಡದೊಂದು ಮತ್ತಿಮರ ಇತ್ತು. ದಿನಾ ಸಂಜೆ ಪ್ರಾಣಿಗಳೆಲ್ಲ ನೀರು ಕುಡಿಯಲು ಅಲ್ಲಿಗೇ ಬರುತ್ತಿದ್ದವು. ಬರೀ ನೀರಿಗೆ ಅಂತ ತಿಳಿಯಬೇಡಿ, ಮಾತಿಗೂ ಬರುತ್ತಿದ್ದವು. ಯಾವ ಅತ್ತಿಮರ ಹಣ್ಣಾಗಿದೆ, ಯಾರಿಗೆ ಮರಿ ಹುಟ್ಟಿದೆ, ಯಾವ ದಾರಿಯಲ್ಲಿ ಮುಳ್ಳು ಬಿದ್ದಿದೆ, ಎಲ್ಲ ಸುದ್ದಿಯೂ ಅಲ್ಲೇ. ಗೊತ್ತಿಲ್ಲದವರು ಕೇಳುವುದು, ಗೊತ್ತಿದ್ದವರು ಹೇಳುವುದು. ಹಾಗಾಗಿ ಆ ಜಾಗಕ್ಕೆ ಕೂಗುಕಟ್ಟೆ ಅಂತಲೇ ಹೆಸರು ಬಿದ್ದಿತ್ತು.

ಕಟ್ಟೆಗೆ ಇದ್ದದ್ದು ಒಂದೇ ಕಟ್ಟಳೆ. ಚಿರತೆಯನ್ನು ಕಂಡವರು ಕೂಗಬೇಕು. ಒಬ್ಬರು ಕೂಗಿದರೆ ಉಳಿದವರು ಕಿವಿ ನಿಮಿರಿಸಬೇಕು. ಇನ್ನೊಬ್ಬರೂ ಅದನ್ನು ಕಣ್ಣಾರೆ ಕಂಡು ಕೂಗಿದರೆ ಎಲ್ಲರೂ ಓಡಬೇಕು. ಹೆಚ್ಚಾಗಿ ಈ ಎರಡನೆಯ ಕೂಗು ಹಾಕುತ್ತಿದ್ದವಳು ಹೊನ್ನಜ್ಜಿ. ಮರದ ತುದಿಯಲ್ಲಿ ಕೂತಿರುತ್ತಿದ್ದ ಮುದಿ ಮುಸುವ, ಕರಿಮುಖದ ಕೋತಿ ಅವಳು. ಅವಳು ಕೂಗಿದಳೆಂದರೆ ಮುಗಿಯಿತು, ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಹೀಗಿರುವಾಗ ದೂರದ ಹುಲ್ಲುಗಾವಲಿನ ಕೆರೆ ಬತ್ತಿಹೋಯಿತು. ಅಲ್ಲಿದ್ದ ಜಿಂಕೆ, ಮೊಲ, ನವಿಲುಗಳು ಗುಂಪುಗುಂಪಾಗಿ ಈ ಹಳ್ಳಕ್ಕೆ ಬಂದವು. ಕೂಗುಕಟ್ಟೆ ಕಾಲಿಡಲು ಜಾಗವಿಲ್ಲದಷ್ಟು ತುಂಬಿತು. ಮೊದಲ ವಾರ ಏನು ಸಂಭ್ರಮ ಅಂತೀರಿ! ಹೊಸ ಮುಖಗಳು, ಹೊಸ ಸುದ್ದಿಗಳು, ಕೇಳಿದಷ್ಟೂ ಮುಗಿಯದ ಮಾತು.

ಆಮೇಲೆ ಶುರುವಾಯಿತು ನೋಡಿ ತಲೆನೋವು. ಹೊಸಬರಿಗೆ ಕಾಡಿನ ಸದ್ದುಗಳೇ ಗೊತ್ತಿರಲಿಲ್ಲ. ತೇಗದ ಎಲೆ ಬಿದ್ದರೆ ಕೂಗು. ಉಡ ಸರಿದರೆ ಕೂಗು. ಕಾಡುಕೋಣ ಕೆಮ್ಮಿದರೂ ಕೂಗು. ಅವರ ಹುಲ್ಲುಗಾವಲಿನಲ್ಲಿ ತೋಳಗಳ ಕಾಟ ಇತ್ತು, ಪಾಪ. ಅಲ್ಲಿ ಮೊದಲು ಕೂಗಿ ಆಮೇಲೆ ನೋಡುವುದೇ ರೂಢಿ. ಒಬ್ಬ ಹೊಸಬ ಕೂಗಿದರೆ ಪಕ್ಕದವನು ನೋಡದೆಯೇ ಅದಕ್ಕೆ ದನಿ ಸೇರಿಸುತ್ತಿದ್ದ. ಒಂದು ಸಂಜೆಯಂತೂ ಎಲ್ಲರೂ ಹನ್ನೊಂದು ಸಲ ಎದ್ದು ಬಿದ್ದು ಓಡಿದರು. ದೊಡ್ಡ ಕೋಡಿನ ಮುದಿ ಕಡವೆ ಒಂದು ಗುಟುಕೂ ನೀರು ಕುಡಿಯದೆ ಮಲಗಬೇಕಾಯಿತು. ಸಾಲದ್ದಕ್ಕೆ, ನೀರು ಎಲ್ಲಿ ಆಳ ಅನ್ನುವ ಒಂದೇ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ ಉತ್ತರ ಹೇಳಬೇಕು. ಹಳಬರಿಗೆ ರೇಗಿಹೋಯಿತು.

ಇದನ್ನೆಲ್ಲ ಚಪ್ಪಡಿ ಕಲ್ಲಿನ ಮೇಲೆ ಕೂತು ನೋಡುತ್ತಿದ್ದವನು ನರಿಮಾವ. ಬೇಟೆಯಾಡಲು ಮೈಬಗ್ಗದ ಸೋಮಾರಿ, ನಾಲಿಗೆ ಮಾತ್ರ ಬೆಣ್ಣೆ. ಅವನು ಹಳಬರ ಹತ್ತಿರ ಹೋಗಿ ಮರುಗಿದ. ಹಿರಿಯರಾದ ನಿಮಗೆ ಈ ಗೋಳು ಯಾಕೆ, ಮುಂದಿನ ಮಳೆಗಾಲದವರೆಗೆ ಹೊಸಬರು ಬಾಯಿ ಮುಚ್ಚಿಕೊಂಡಿರಲಿ, ಏನಾದರೂ ಕಂಡರೆ ನನ್ನ ಕಿವಿಯಲ್ಲಿ ಹೇಳಲಿ, ನಾನು ಸೋಸಿ ನಿಮಗೆ ತಿಳಿಸುತ್ತೇನೆ ಅಂದ. ಹಾಗೇ ಹೊಸಬರ ಹತ್ತಿರ ಹೋದ. ಹಳಬರಿಗೆ ನಿಮ್ಮನ್ನು ಕಂಡರೆ ಆಗದು, ಆದರೆ ಹೆದರಬೇಡಿ, ನಿಮ್ಮ ಪರವಾಗಿ ನಾನಿದ್ದೇನೆ ಅಂದ. ಹೊನ್ನಜ್ಜಿಗೂ ಸಾಕುಸಾಕಾಗಿತ್ತು. ಅವಳೂ ಆಗಲಿ ಅಂತ ತಲೆಯಾಡಿಸಿಬಿಟ್ಟಳು.

ನರಿಮಾವ ಅಲ್ಲಿಂದ ನೆಟ್ಟಗೆ ಹೋದದ್ದು ಎಲ್ಲಿಗೆ ಗೊತ್ತೇ? ಚಿರತೆಯ ಗುಹೆಗೆ. ಆ ವರ್ಷ ಹಳ್ಳದ ದಂಡೆಯಲ್ಲಿ ಜೊಂಡು ಎತ್ತರಕ್ಕೆ ಬೆಳೆದಿತ್ತು. ಮರದ ಮೇಲಿನಿಂದ ನೋಡಿದರೆ ಬರೀ ಹಸಿರು. ಅದರೊಳಗಿಂದ ನುಸುಳಿ ಬಾ, ಕಂಡವರು ನನ್ನ ಕಿವಿಗೇ ಹೇಳುತ್ತಾರೆ, ನನ್ನ ಕಿವಿ ದಾಟಿ ಸುದ್ದಿ ಹೋಗುವುದಿಲ್ಲ, ತಿಂದು ಮಿಕ್ಕಿದ್ದು ನನಗಿರಲಿ ಅಂತ ಒಪ್ಪಂದ ಮಾಡಿಕೊಂಡ.

ಹೊಸಬರಲ್ಲಿ ಚುಕ್ಕವ್ವ ಅನ್ನುವ ಜಿಂಕೆ ಇದ್ದಳು. ಅವಳಿಗೆ ಒಂದೇ ಮರಿ. ಇನ್ನೊಂದನ್ನು ತೋಳ ಹೊತ್ತೊಯ್ದಿತ್ತು. ಹುಲ್ಲು ನೋಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಒಂದು ಸಂಜೆ, ಗಾಳಿ ಮೂಡಣದಿಂದ ಬೀಸುತ್ತಿದ್ದರೂ ಜೊಂಡಿನ ತುದಿ ಮೂಡಣಕ್ಕೇ ಬಾಗಿ ಬಾಗಿ ಏಳುವುದು ಅವಳಿಗೆ ಕಾಣಿಸಿತು. ಓಡಿಹೋಗಿ ನರಿಮಾವನ ಕಿವಿಯಲ್ಲಿ ಹೇಳಿದಳು. ಅದು ಹಂದಿ ಕಣಮ್ಮ, ಸುಮ್ಮನಿರು ಅಂದ ಅವನು. ಆ ಮಾತು ಮುಗಿಯುವಷ್ಟರಲ್ಲಿ ಚಿರತೆ ಹಾರಿತು. ಮುದಿ ಕಡವೆ ಒದ್ದು ತಪ್ಪಿಸಿಕೊಂಡಿತು, ಆದರೆ ಬೆನ್ನಿನ ಮೇಲೆ ನಾಲ್ಕು ಗೀರು ಬಿದ್ದವು.

ಹಳಬರು ಹೊಸಬರ ಮೇಲೆ ಹರಿಹಾಯ್ದರು. ಕೆಳಗೇ ನಿಂತಿದ್ದಿರಲ್ಲ, ಕಣ್ಣು ಎಲ್ಲಿಟ್ಟಿದ್ದಿರಿ ಅಂದರು. ಇವರಿಗೆ ಏನೂ ಕಾಣುವುದಿಲ್ಲ ಅಂತ ನರಿಮಾವ ಬೇರೆ ಒಗ್ಗರಣೆ ಹಾಕಿದ. ನಾನು ಹೇಳಿದ್ದೆನಲ್ಲ ಅನ್ನುವ ಮಾತು ಚುಕ್ಕವ್ವನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದರೆ ಹಳ್ಳದಿಂದಲೇ ಓಡಿಸಿಬಿಟ್ಟಾರು, ಮರಿಗೆ ಬೇರೆಲ್ಲೂ ನೀರಿಲ್ಲ ಅಂತ ನುಂಗಿಕೊಂಡಳು.

ಮಾರನೆಯ ಸಂಜೆ ಎಲ್ಲರೂ ನೀರಿಗೆ ಬಂದಿದ್ದರು. ಚುಕ್ಕವ್ವನ ಮರಿ ಕುಪ್ಪಳಿಸುತ್ತ ಜೊಂಡಿನ ಹತ್ತಿರಕ್ಕೇ ಹೋಗಿ ನೀರಿಗೆ ಬಾಯಿ ಹಾಕಿತು. ಅಷ್ಟರಲ್ಲಿ ಜೊಂಡಿನ ತುದಿ ಗಾಳಿಗೆ ಎದುರಾಗಿ ಬಾಗಿತು. ಮತ್ತೆ ಎದ್ದಿತು. ಇನ್ನೂ ಹತ್ತಿರ ಬಾಗಿತು. ಚುಕ್ಕವ್ವ ನರಿಮಾವನ ಕಡೆ ನೋಡಿದಳು. ಅವನು ನೋಡಿಯೂ ನೋಡದವನ ಹಾಗೆ ಬಾಲ ನೆಕ್ಕಿಕೊಳ್ಳುತ್ತಿದ್ದ. ನರಿಯ ಕಟ್ಟಳೆ ಹಾಳಾಗಲಿ ಅಂದುಕೊಂಡವಳೇ ಚುಕ್ಕವ್ವ ಕೊರಳೆತ್ತಿ ಕೂಗಿದಳು.

ಎಲ್ಲರ ಕಿವಿ ನಿಮಿರಿತು. ಯಾರ ಕಾಲೂ ಅಲುಗಲಿಲ್ಲ. ಹೊಸಬರ ಕೂಗು ಲೆಕ್ಕಕ್ಕಿಲ್ಲ ಅಂತ ನರಿಮಾವ ಗದರಿದ. ಹೊನ್ನಜ್ಜಿ ಮರದ ತುದಿಯಿಂದ ನೋಡಿದಳು. ಬರೀ ಹಸಿರು. ಕಾಣದೆ ಕೂಗುವ ಹಾಗಿಲ್ಲ. ಆದರೆ ಎಲೆ ಬಿದ್ದಾಗ ಹೊಸಬರು ಕೂಗಿದ್ದನ್ನು ಅವಳು ನೂರು ಸಲ ಕೇಳಿದ್ದಳು, ಈ ದನಿ ಹಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ತುದಿ ಬಿಟ್ಟು ಇಳಿಯದಿದ್ದ ಅಜ್ಜಿ ಕೊಂಬೆಯಿಂದ ಕೊಂಬೆಗೆ ದುಡುದುಡು ಇಳಿದು ಚುಕ್ಕವ್ವನ ಪಕ್ಕದಲ್ಲೇ ನೆಲಕ್ಕೆ ಕಾಲೂರಿದಳು. "ಎಲ್ಲಿ, ತೋರಿಸವ್ವ" ಅಂದಳು.

"ಜೊಂಡಿನ ಬುಡ ನೋಡಜ್ಜಿ, ತುದಿಯಲ್ಲ" ಅಂದಳು ಚುಕ್ಕವ್ವ.

ನೋಡಿದರೆ ಎರಡು ಹಳದಿ ಕಣ್ಣು! ಹೊನ್ನಜ್ಜಿ ಕಾಡೇ ನಡುಗುವ ಹಾಗೆ ಕೂಗಿದಳು. ಎಲ್ಲರೂ ಒಮ್ಮೆಲೇ ಎದ್ದರು. ಹೊಸಬರು ತಮ್ಮ ರೂಢಿಯಂತೆ ಬಯಲಿನ ಕಡೆ ನುಗ್ಗಿದರು. ಆ ಬಯಲಿನ ಕೊನೆಗೆ ಕಡಿದಾದ ಬಂಡೆಯ ಗೋಡೆ, ದಾರಿಯೇ ಇಲ್ಲ. ಅವರಿಗೆ ಅದೇನು ಗೊತ್ತು? ಮುದಿ ಕಡವೆ ಗಾಯದ ಬೆನ್ನು ಹೊತ್ತೇ ಅಡ್ಡ ಬಂದು ನಿಂತಿತು. ಅತ್ತ ಹೋಗಬೇಡಿ, ನನ್ನ ಹಿಂದೆ ಬನ್ನಿ ಅಂತ ಹಳ್ಳದ ಆಳವಿಲ್ಲದ ಜಾಗದಲ್ಲಿ ಇಳಿದು ದಾರಿ ಮಾಡಿತು. ಚುಕ್ಕವ್ವನ ಮರಿ ಅದರ ಕಾಲಿಗೆ ಅಂಟಿಕೊಂಡೇ ದಾಟಿತು. ಹಿಂದಿನಿಂದ ಹಾರಿದ ಚಿರತೆಗೆ ಸಿಕ್ಕಿದ್ದು ಒಂದು ಬೊಗಸೆ ಕೆಸರು.

ಚಿರತೆಗೆ ಹಸಿವೂ ಇತ್ತು, ಅವಮಾನವೂ ಆಗಿತ್ತು. ಅದು ಚಪ್ಪಡಿ ಕಲ್ಲಿನ ಕಡೆ ತಿರುಗಿತು. "ಯಾರೂ ಕೂಗುವುದಿಲ್ಲ ಅಂದಿದ್ದೆಯಲ್ಲೋ ನರಿ" ಅಂತ ಗುರುಗುಟ್ಟಿತು. ಆ ಮಾತು ಆಚೆ ದಂಡೆಯವರಿಗೆಲ್ಲ ಕೇಳಿಸಿತು. ನರಿಮಾವ ಕಾಲಿಗೆ ಬುದ್ಧಿ ಹೇಳಿದ. ಮತ್ತಿಮರವನ್ನು ಸುತ್ತಿದ್ದೇ ಸುತ್ತಿದ್ದು. ಅದು ಯಾವ ಕಡೆಯಿಂದ ಬರುತ್ತಿದೆ, ನಾನು ಎತ್ತ ಓಡಲಿ, ಯಾರಾದರೂ ಕೂಗಿ ಹೇಳಿ ಅಂತ ಬೇಡಿಕೊಂಡ.

ಆಚೆ ದಂಡೆಯಿಂದ ಹೊಸ ಮೊಲವೊಂದು ತಣ್ಣಗೆ ಹೇಳಿತು. "ನಮಗೆ ಕೂಗಲು ಅಪ್ಪಣೆ ಇಲ್ಲವಲ್ಲ ಮಾವ. ಕಂಡದ್ದನ್ನು ನಿನ್ನ ಕಿವಿಯಲ್ಲೇ ಹೇಳಬೇಕಂತೆ. ಹೇಳೋಣ ಅಂದರೆ ನೀನು ನಿಲ್ಲುತ್ತಲೇ ಇಲ್ಲ."

ದಂಡೆಯೆಲ್ಲ ಘೊಳ್ಳೆಂದು ನಕ್ಕಿತು. ಹಳಬರು ಯಾರು, ಹೊಸಬರು ಯಾರು ಅಂತ ಆ ನಗುವಿನಲ್ಲಿ ಗೊತ್ತೇ ಆಗಲಿಲ್ಲ. ನರಿಮಾವ ಕೊನೆಗೆ ಅರ್ಧ ಬಾಲವನ್ನು ಚಿರತೆಯ ಬಾಯಲ್ಲಿ ಬಿಟ್ಟು ಕಾಡಿನಿಂದಲೇ ಓಡಿಹೋದ. ಮತ್ತೆ ಆ ಕಡೆ ಅವನ ಮುಖ ಕಾಣಿಸಲಿಲ್ಲ.

ಹೊನ್ನಜ್ಜಿ ಚುಕ್ಕವ್ವನ ಮುಂದೆ ಬಂದು ಕೂತಳು. ತುದಿಯಲ್ಲಿ ಕೂತವಳಿಗೆ ಎಲ್ಲ ಕಾಣುತ್ತದೆ ಅಂದುಕೊಂಡಿದ್ದೆ, ತಪ್ಪಾಯಿತು ಅಂತ ಎಲ್ಲರ ಎದುರಿಗೇ ಹೇಳಿದಳು. ಚುಕ್ಕವ್ವನೂ ನಾಚಿದಳು. ಎಲೆ ಬಿದ್ದದ್ದಕ್ಕೆಲ್ಲ ಕೂಗಿ ನಿಮ್ಮ ನೀರು ಕೆಡಿಸಿದ್ದು ನಮ್ಮದೂ ತಪ್ಪು ಅಂದಳು. ಅಂದಿನಿಂದ ಹೊಸಬರ ಬಾಯಿಗೆ ಹಾಕಿದ್ದ ಬೀಗ ಹೋಯಿತು, ಕಾವಲಿಗೆ ಇಬ್ಬಿಬ್ಬರು ನಿಲ್ಲತೊಡಗಿದರು. ಒಬ್ಬರು ಹಳಬರು, ಒಬ್ಬರು ಹೊಸಬರು, ಅಕ್ಕಪಕ್ಕ.

ಮರುದಿನ ಸಂಜೆ ತೇಗದ ಎಲೆಯೊಂದು ದೊಪ್ಪನೆ ಬಿತ್ತು. ಹೊಸ ನವಿಲೊಂದು ಕೂಗಲು ಬಾಯಿ ತೆರೆಯಿತು. ಪಕ್ಕದಲ್ಲಿದ್ದ ಹೊನ್ನಜ್ಜಿ ಮೆಲ್ಲಗೆ ಎಲೆ ತೋರಿಸಿದಳು. ನವಿಲು ಬಾಯಿ ಮುಚ್ಚಿತು. ಮುದಿ ಕಡವೆ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ನೀರು ಕುಡಿಯಿತು, ಅದರ ಪಕ್ಕದಲ್ಲೇ ಚುಕ್ಕವ್ವನ ಮರಿಯೂ ಕುಡಿಯಿತು.

ನೀತಿ: ಬೆಳೆಯುವ ಕೂಟಕ್ಕೆ ಹಳಬರ ಅನುಭವವೂ ಬೇಕು, ಹೊಸಬರ ಕಣ್ಣೂ ಬೇಕು, ಇಬ್ಬರ ನಡುವೆ ಗೋಡೆ ಕಟ್ಟಿ ಲಾಭ ಪಡೆಯಲು ಹೊರಟವನು ಕೊನೆಗೆ ಇಬ್ಬರಿಗೂ ಬೇಡವಾಗುತ್ತಾನೆ.