ಗೋಡೆಯ ಮೇಲೆ ಇಲ್ಲದ ಅಕ್ಷರಗಳು

"ಗುರುಗಳೇ, ಕನ್ನಡಕವನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು ಒಳ್ಳೆಯದು?" ಎಂದು ಶಿಷ್ಯ ಕೇಳಿದ. ಸ್ವಲ್ಪ ತಡೆದು, "ನನಗಲ್ಲ, ನಮ್ಮ ಭಾವನಿಗೆ," ಎಂದ.

ಗುರುಗಳು ನಾಟಿ ಔಷಧದ ಪಂಡಿತರು. ಶಿಷ್ಯನಿಗೆ ನಲವತ್ತಾರು ವರ್ಷ. ಹನ್ನೆರಡು ವರ್ಷದಿಂದ ಅವರ ಔಷಧಗಳನ್ನು ತೂಗಿ ಪೊಟ್ಟಣ ಕಟ್ಟುತ್ತಿದ್ದವನು ಅವನೇ. ಕಪಾಟಿನಲ್ಲಿ ಹದಿನಾರು ಭರಣಿಗಳಿದ್ದವು, ಪ್ರತಿಯೊಂದಕ್ಕೂ ಹೆಸರಿನ ಚೀಟಿ ಅಂಟಿಸಿತ್ತು. ಈಚೆಗೆ ಶಿಷ್ಯ ಚೀಟಿ ಓದುತ್ತಿರಲಿಲ್ಲ. ಎಡದಿಂದ ಎಣಿಸಿ ತೆಗೆಯುತ್ತಿದ್ದ.

"ಭಾವನಿಗೋ? ಸರಿ," ಎಂದರು ಗುರುಗಳು. "ಅದಕ್ಕೊಂದು ಕತೆಯಿದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ನನ್ನ ಕಷಾಯವನ್ನು ನಾನೇ ಕುಡಿಯುತ್ತೇನೆ. ಐವತ್ತು ವರ್ಷದಿಂದ ಊರಿಗೆಲ್ಲ ಕುಡಿಸಿದ್ದೇನೆ, ಒಂದು ತೊಟ್ಟೂ ನನ್ನ ಬಾಯಿಗೆ ಹಾಕಿಕೊಂಡಿಲ್ಲ. ಆಣೆ ಎಷ್ಟು ದೊಡ್ಡದು ಎಂದು ನೀನೇ ಲೆಕ್ಕ ಹಾಕಿಕೋ. ಇನ್ನು ನನ್ನ ಕಣ್ಣಿನ ಮಾತು ಕೇಳಬೇಡ. ಎದುರು ಮನೆಯ ಅಕ್ಕಿಯಲ್ಲಿ ಎಷ್ಟು ಕಲ್ಲಿದೆ ಎಂದು ಇಲ್ಲಿ ಕೂತೇ ಹೇಳುತ್ತಿದ್ದೆ. ಆ ಮನೆಯಾಕೆ ಮೊರ ಹಿಡಿಯುವುದನ್ನೇ ಬಿಟ್ಟುಬಿಟ್ಟಿದ್ದಳು. ಇರಲಿ, ಕೇಳು."

ಒಬ್ಬ ಅಕ್ಕಸಾಲಿಗನಿದ್ದ. ಸಾಸಿವೆಯಷ್ಟು ಸಣ್ಣ ಕಲ್ಲನ್ನು ಮೂಗುತಿಯಲ್ಲಿ ಕೂರಿಸುವುದು ಅವನ ಕಸುಬು. ಮೂಗು ಸವೆದೀತು, ಅವನು ಕೂರಿಸಿದ ಕಲ್ಲು ಅಲುಗದು ಎಂದು ಹೆಸರಾಗಿತ್ತು. ಐವತ್ತು ದಾಟಿದ ಮೇಲೆ ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣತೊಡಗಿದವು. ಅವನು ದೀಪ ಬದಲಿಸಿದ. ಕಿಟಕಿಯ ಕಡೆಗೆ ತಿರುಗಿ ಕೂತ. ಕಲ್ಲು ಮಾರುವವನನ್ನು ಬೈದ. ಕಣ್ಣಿನ ಮೇಲೆ ಮಾತ್ರ ಅನುಮಾನ ಪಡಲಿಲ್ಲ.

ಒಬ್ಬ ವ್ಯಾಪಾರಿ ತನ್ನ ತಾಯಿಯ ಏಳು ಕಲ್ಲಿನ ಮೂಗುತಿಯನ್ನು ಅವನಿಂದ ಬಿಗಿ ಮಾಡಿಸಿಕೊಂಡು ಹೋಗಿದ್ದ. ಮರುದಿನವೇ ಹಿಂದಕ್ಕೆ ತಂದ.

"ಆಚಾರ್ರೇ, ಎಣಿಸಿ ನೋಡಿ. ಏಳನೆಯದು ಯಾವ ಊರಿಗೆ ಯಾತ್ರೆ ಹೋಯಿತು?"

ಅಕ್ಕಸಾಲಿಗ ಕಣ್ಣಿನಿಂದ ನೋಡಲಿಲ್ಲ. ಬೆರಳಿನಿಂದ ಸವರಿದ. ಒಂದು ಗುಂಡಿ ಖಾಲಿಯಿತ್ತು.

"ಶುಕ್ರವಾರ ಬರುತ್ತೇನೆ. ಆಗಲೂ ಹೀಗೇ ಇದ್ದರೆ ಬೇರೆ ಕೈ ಹುಡುಕಿಕೊಳ್ಳುತ್ತೇನೆ," ಎಂದು ವ್ಯಾಪಾರಿ ಹೊರಟುಹೋದ. ಊರಿನಲ್ಲಿ ಅವನ ಮಾತಿಗೆ ಬೆಲೆಯಿತ್ತು. ಅವನೊಬ್ಬ ಬಿಟ್ಟರೆ ಉಳಿದವರೂ ಬಿಡುತ್ತಾರೆ. ಕಳೆದ ಕಲ್ಲು ಅಕ್ಕಸಾಲಿಗನ ಚಾಪೆಯ ಮೇಲೆಯೇ ಬಿದ್ದಿತ್ತು. ಅದನ್ನು ಕಂಡವಳು ಅವನ ಹೆಂಡತಿ. "ಕನ್ನಡಕ ತನ್ನಿ," ಎಂದಳು, ಅಷ್ಟೇ.

ಅವನು ಊರಿನಲ್ಲೇ ದೊಡ್ಡ ಅಂಗಡಿಗೆ ಹೋದ. ಬೆಂಚಿನ ಮೇಲೆ ಪರಿಚಯದವರೇ ಕೂತಿದ್ದರು. ಅವರಲ್ಲಿ ಇಬ್ಬರ ಓಲೆ ರಿಪೇರಿಗೆಂದು ಇವನ ಪೆಟ್ಟಿಗೆಯಲ್ಲಿತ್ತು. ಇವರ ಎದುರಿಗೆ ಕಾಣುವುದಿಲ್ಲ ಎಂದರೆ ಸಂಜೆಯೊಳಗೆ ಓಲೆ ವಾಪಸು ಕೇಳುತ್ತಾರೆ. ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಸರದಿಯವರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುತ್ತಿದ್ದರು. ಅವನು ಅದನ್ನು ಕಿವಿಯಿಂದಲೇ ಕಲಿತುಕೊಂಡ. ತನ್ನ ಸರದಿ ಬಂದಾಗ ಮೇಲಿನ ಆನೆಯಂಥ ಅಕ್ಷರದಿಂದ ಅಡಿಯ ಇರುವೆಯಂಥ ಅಕ್ಷರದವರೆಗೆ ಒಂದೇ ಉಸಿರಿಗೆ ಒಪ್ಪಿಸಿದ. ಬೆಂಚು ತಲೆದೂಗಿತು. "ಹದ್ದಿನ ಕಣ್ಣು ಸ್ವಾಮಿ ನಿಮ್ಮದು!" ಎಂದು ಅಂಗಡಿಯವನು ಚಿನ್ನದ ಬಣ್ಣದ ಚೌಕಟ್ಟಿಗೆ ಬರೀ ಗಾಜು ಹಾಕಿ ಕೊಟ್ಟ. ಅದನ್ನು ಹಾಕಿಕೊಂಡ ಅಕ್ಕಸಾಲಿಗ ಊರಿಗೆಲ್ಲ ಚೆನ್ನಾಗಿ ಕಂಡ. ಅವನಿಗೆ ಮಾತ್ರ ಏಳು ಕಲ್ಲು ಮೂರಾಗಿಯೇ ಕಂಡವು.

ಬುಧವಾರ, ಹೊಸ ಯಂತ್ರ ಬಂದಿದೆ ಎಂದು ಹೆಸರಾದ ಇನ್ನೊಂದು ಅಂಗಡಿಗೆ ಹೋದ. ಹಲಗೆ ಅಲ್ಲಿಯೂ ಅದೇ, ಪಾಠವೂ ಅದೇ. ಆಮೇಲೆ ಅಂಗಡಿಯವನು ಗಾಜು ಬದಲಿಸಿ ಬದಲಿಸಿ, "ಇದು ಚೆನ್ನಾಗಿದೆಯೋ, ಅದೋ?" ಎಂದು ಕೇಳಿದ. ಯಾವ ಮಾತಿಗೆ ಅವನ ದನಿ ಏರುತ್ತದೋ ಅದನ್ನೇ ಅಕ್ಕಸಾಲಿಗ ಒಪ್ಪಿಕೊಂಡ. ಆ ಕನ್ನಡಕ ಹಾಕಿಕೊಂಡು ಮನೆಗೆ ಬರುವಾಗ ರಸ್ತೆ ಹಪ್ಪಳದಂತೆ ಉಬ್ಬಿತ್ತು. ನೆಲಕ್ಕೆ ಹೊಂದಿಕೊಂಡಿದ್ದ ಹೊಸ್ತಿಲನ್ನು ಮೊಣಕಾಲು ಎತ್ತಿ ದಾಟಿದ. ಹೆಂಡತಿ ನೋಡಿ, "ಯಾರ ಮನೆಯ ಗೋಡೆ ಹಾರಿದಿರಿ?" ಎಂದಳು.

ಹಾಗೆ ಕಾಲು ಎತ್ತಿ ಎತ್ತಿ ಇಟ್ಟು ಗುರುವಾರ ಬೆಳಿಗ್ಗೆ ಅವನ ಚಪ್ಪಲಿಯ ಬಾರು ಕಿತ್ತಿತು. ಬಾರು ಹೊಲಿಯುವವನು ಸ್ವಲ್ಪ ಹೊತ್ತು ಕೂತಿರಿ ಎಂದ. ಅವನ ಪಕ್ಕದಲ್ಲೇ ಒಂದು ಸಣ್ಣ ಕನ್ನಡಕದ ಅಂಗಡಿಯಿತ್ತು, ಒಳಗೆ ಒಬ್ಬಳು ಮುದುಕಿ. ನಾಳೆ ಶುಕ್ರವಾರ. ಅಕ್ಕಸಾಲಿಗ ಬರಿಗಾಲಲ್ಲಿ ಒಳಗೆ ಹೋದ.

ಮುದುಕಿ ಗೋಡೆಯ ಕಡೆ ಕೈ ತೋರಿಸಿ, "ಏನು ಕಾಣುತ್ತದೆ, ಹೇಳಿ," ಎಂದಳು.

ಅವನು ಎದೆಯುಬ್ಬಿಸಿ ಆನೆಯಿಂದ ಇರುವೆಯವರೆಗೆ ಹೇಳಿದ. ಅವಳು ನಡುವೆ ಬಾಯಿ ಹಾಕಲಿಲ್ಲ.

"ಒಂದೂ ತಪ್ಪಿಲ್ಲ," ಎಂದಳು ಕೊನೆಗೆ. "ಆದರೆ ಹಲಗೆಯನ್ನು ಬಣ್ಣ ಹಚ್ಚಲು ಕೊಟ್ಟು ನಾಲ್ಕು ದಿನವಾಯಿತಣ್ಣ. ನೀವು ಓದಿದ್ದು ಸುಣ್ಣದ ಗೋಡೆಯನ್ನು."

ಅಕ್ಕಸಾಲಿಗ ಬಾಗಿಲ ಕಡೆ ನೋಡಿದ. ಹೊರಗೆ ಬಾರು ಹೊಲಿಯುವವನು ದಬ್ಬಳ ನಿಲ್ಲಿಸಿ ಕಿವಿಗೊಟ್ಟು ಕೂತಿದ್ದ. ಚಪ್ಪಲಿ ಅವನ ಕೈಯಲ್ಲಿತ್ತು, ಓಡಿಹೋಗುವಂತಿರಲಿಲ್ಲ.

"ಕಂಡದ್ದಕ್ಕೆ ನನ್ನ ಹತ್ತಿರ ಗಾಜಿಲ್ಲ," ಎಂದಳು ಮುದುಕಿ. "ಕಾಣದ್ದು ಯಾವುದು, ಅದನ್ನು ಹೇಳಿ."

ಅವನು ದನಿ ತಗ್ಗಿಸಿ, "ಕಾಣುವುದಿಲ್ಲಮ್ಮ," ಎಂದ. ಹೆಬ್ಬೆರಳು ಕಿರುಬೆರಳು ಚಾಚಿ ಮೂಗಿನ ಮುಂದೆ ಒಂದು ಗೇಣು ಹಿಡಿದು ತೋರಿಸಿದ. "ಇಲ್ಲಿ. ನನ್ನ ಕೆಲಸ ಇರುವುದು ಇಲ್ಲಿಯೇ."

ಅವಳು ಆ ಗೇಣನ್ನು ದಾರದಿಂದ ಅಳೆದು, ಆ ದೂರಕ್ಕೆ ತಕ್ಕ ಗಾಜು ಆರಿಸಿ ಕೊಟ್ಟಳು. ಶುಕ್ರವಾರ ವ್ಯಾಪಾರಿ ಬಂದು ಎರಡು ಸಲ ಎಣಿಸಿದ. ಎರಡು ಸಲವೂ ಏಳು ಕಲ್ಲಿದ್ದವು. ಮೂಗುತಿಯನ್ನು ಜೇಬಿಗೆ ಹಾಕಿಕೊಂಡು ಹೋದ.

ಕತೆ ಮುಗಿಯಿತು. ಶಿಷ್ಯ ನಕ್ಕ. "ಸುಣ್ಣದ ಗೋಡೆ ಓದಿದನೇ! ಎಂಥ ಪೆದ್ದ! ಭಾವನನ್ನು ಆ ಮುದುಕಿಯ ಅಂಗಡಿಗೇ ಕಳಿಸುತ್ತೇನೆ ಗುರುಗಳೇ. ಅದು ಯಾವ ಬೀದಿಯಲ್ಲಿದೆ?"

"ಬೀದಿ ಹೇಳುತ್ತೇನೆ," ಎಂದರು ಗುರುಗಳು. "ಅದಕ್ಕೆ ಮೊದಲು ಒಂದು ಮಾತು. ಕತೆಯಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಕಾಣುವುದಿಲ್ಲ ಎಂದು ಆ ಮನುಷ್ಯ ಇನ್ನೂ ಬಾಯಿಬಿಟ್ಟು ಹೇಳಿಲ್ಲ."

ಶಿಷ್ಯನ ನಗು ನಿಂತಿತು. ಗುರುಗಳು ಒಲೆಯ ಮೇಲೆ ನೀರಿಟ್ಟರು. ಆ ದಿನ ಬೆಳಿಗ್ಗೆ ಕಪಾಟು ಒರೆಸಿ ಭರಣಿಗಳ ಸಾಲನ್ನು ಬದಲಿಸಿದ್ದಾಗಿ, ಯಾವುದೋ ಸಣ್ಣ ವಿಷಯದಂತೆ ತಿಳಿಸಿದರು. ಕಷಾಯದ ಪುಡಿಗೆಂದು ಎದ್ದ ಶಿಷ್ಯ, ಅಭ್ಯಾಸದಂತೆ ಎಡದಿಂದ ಐದನೆಯ ಭರಣಿಗೆ ಚಾಚಿದ ಕೈಯನ್ನು ಅಲ್ಲಿಯೇ ತಡೆದ.

"ಆಣೆ ತಪ್ಪಿದ್ದೇನೆ, ಕಷಾಯ ಕುಡಿಯಲೇಬೇಕು, ಪುಡಿಯನ್ನು ನೀನೇ ತೂಗಿ ಕೊಡು," ಎಂದರು ಗುರುಗಳು.

ನೀರು ಕುದಿಯಿತು. ಶಿಷ್ಯ ಒಂದು ಭರಣಿಯನ್ನು ತೆಗೆದು, ಚೀಟಿಯನ್ನು ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದ.